ಸೊನ್ನೆ ತೋರಿಸಿದ ಸರ್ವರ್

2005ರ ಒಂದು ಶನಿವಾರ, ಮಧ್ಯಾಹ್ನ ನಾಲ್ಕು ಗಂಟೆ. ಕಲಬುರಗಿಯ ರೋಜಾ ಬಡಾವಣೆ ಹತ್ತಿರದ ರಕ್ತ-ಮೂತ್ರ ತಪಾಸಣೆ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಪುತಳಾಬಾಯಿ ಆಗಲೇ ಚೀಲ ಹೆಗಲಿಗೇರಿಸಿದ್ದಳು. ಐದರ ಬಸ್ಸು ಸಿಕ್ಕರೆ ಕಮಲಾಪುರ. ಅಲ್ಲಿ ಅವ್ವನ ಮನೆಯಲ್ಲಿ ಐದು ವರ್ಷದ ಮಗಳು ಸುಜಾತಾ. ಸರ್ವರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕುವ ಗದ್ದಲ ಹೋದ ಎರಡು ಶನಿವಾರಗಳನ್ನು ನುಂಗಿತ್ತು.

"ಅರಾಮ ಹೋಗ್ರಿ," ಎಂದರು ಮ್ಯಾನೇಜರ್ ಬಂಡುರಾಯರು. "ಹೊಸ ಸಿಸ್ಟಂ ಬಂದಾಗಿಂದ ನಿಮ್ಮ ಸ್ಕ್ರಿಪ್ಟ್ ಒಮ್ಮೆನೂ ಒದರಿಲ್ಲ. ನೋಡ್ರಿ, ಡಿಸ್ಕ್ ತುಂಬಿದ್ದು ಸೊನ್ನೆ! ಸರ್ವರಿಗಿ ನಾ ಹಚ್ಚಿದ ಕುಂಕುಮದ ಪ್ರತಾಪ."

ಡಿಸ್ಕ್ ತೊಂಬತ್ತು ಪರ್ಸೆಂಟ್ ದಾಟಿದರೆ ಕೂಗಬೇಕೆಂದು ಆ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದವಳೇ ಪುತಳಾಬಾಯಿ. ಬಾಗಿಲ ತನಕ ಹೋದವಳು ನಿಂತಳು.

"ಸೊನ್ನೆ ಹ್ಯಾಂಗ್ರಿ ಸಾಹೇಬ್ರ? ಅರ್ಧ ಜಿಲ್ಲಾದ ಉಚ್ಚಿ ರಿಪೋರ್ಟ್ ಇದರಾಗ ಅದಾವ."

"ಸುಮ್ಮ ಇದ್ದದ್ದನ್ನ ಯಾಕ ಕೆಣಕ್ತೀರಿ? ಬಸ್ಸ ತಪ್ತದ ನೋಡ್ರಿ."

ಹೋಗಿಬಿಡಬಹುದಿತ್ತು. ಆದರೆ ಡಿಸ್ಕ್ ತುಂಬಿ ನಿಂತರೆ ನಾಳೆ ಯಾರ ರಿಪೋರ್ಟೂ ಹೊರಬರುವುದಿಲ್ಲ. ಚೀಲ ಹೆಗಲ ಮೇಲಿದ್ದಂತೆಯೇ ಕುಳಿತಳು. ಗುಟ್ಟು ಬೇಗ ಬಯಲಾಯಿತು. ಹೊಸ ಸಿಸ್ಟಂ ಡಿಸ್ಕಿಗೆ ಮದುವೆ ಪತ್ರಿಕೆಯಷ್ಟು ಉದ್ದದ ಹೆಸರಿಟ್ಟಿತ್ತು. ಹೆಸರಿಗೇ ಸಾಲು ಮುಗಿದು, ಡಿಸ್ಕ್ ಎಷ್ಟು ತುಂಬಿದೆ ಎಂಬ ಅಂಕಿಗಳೆಲ್ಲ ಕೆಳಗಿನ ಸಾಲಿಗೆ ಇಳಿದಿದ್ದವು. ಪಾಪದ ಸ್ಕ್ರಿಪ್ಟ್ ಮೊದಲಿನ ಜಾಗದಲ್ಲೇ ತಡಕಾಡಿ, ಏನೂ ಸಿಗದೆ, ಸೊನ್ನೆ ಎಂದು ವರದಿ ಒಪ್ಪಿಸುತ್ತಿತ್ತು.

ಎಲ್ಲ ಒಂದೇ ಸಾಲಿನಲ್ಲಿ ಬರುವಂತೆ ಸ್ಕ್ರಿಪ್ಟಿನ ಆಜ್ಞೆ ತಿದ್ದಿ ಓಡಿಸಿದಳು. ಸರ್ವರ್ ಕಿರುಚಿಕೊಂಡಿತು. ತೊಂಬತ್ತೇಳು!

"ಅಯ್ಯಯ್ಯ, ಕೆಡಿಸಿದ್ರಲ್ಲ!" ಬಂಡುರಾಯರು ಎದ್ದೇ ನಿಂತರು. "ಈಗ ತಾನ ಸೊನ್ನೆ ಇತ್ತು!"

"ಜ್ವರ ಇತ್ತರಿ, ಥರ್ಮಾಮೀಟರ್ ಕುರುಡ ಆಗಿತ್ತು."

ಸಿಸ್ಟಂ ಹಾಕಲು ಬಂದವರು ಬಿಟ್ಟುಹೋಗಿದ್ದ ಹಳೆಯ ಕಡತಗಳ ರಾಶಿಯನ್ನು ಒಂದೊಂದೇ ನೋಡಿ ಅಳಿಸಿದಳು. ಅರವತ್ತೆರಡಕ್ಕೆ ಇಳಿದಾಗ ಕೂಗು ನಿಂತಿತು. ಗಡಿಯಾರದಲ್ಲಿ ಐದೂ ಹತ್ತು.

"ಮತ್ತ ಒದರಿದ್ರ?" ರಾಯರ ದನಿ ಸಣ್ಣದಾಗಿತ್ತು.

"ನಮ್ಮವ್ವನ ಮನೀಗಿ ಫೋನ್ ಮಾಡ್ರಿ. ಕುಂಕುಮ ಹಚ್ಚಬ್ಯಾಡ್ರಿ."

ಐದರ ಬಸ್ಸು ಹೋಗಿತ್ತು. ಮುಂದಿನದರಲ್ಲಿ ನಿಂತೇ ಹೋದಳು. ಕಮಲಾಪುರದ ಸ್ಟ್ಯಾಂಡಿನಲ್ಲಿ ಅಜ್ಜಿಯ ಕೈ ಹಿಡಿದು ನಿಂತಿದ್ದ ಸುಜಾತಾ ಮುಖ ತಿರುಗಿಸಿದಳು.

"ನೀ ಸುಳ್ಳಬುರಕಿ. ಐದರ ಬಸ್ಸಿಗಿ ಬರ್ತೀನಿ ಅಂದಿದ್ದಿ. ನಾ ನಿನ್ನ ಸಂಗಟ ಮಾತಾಡಂಗಿಲ್ಲ."

"ಮಾತಾಡಬ್ಯಾಡ," ಎಂದು ಪುತಳಾಬಾಯಿ ಬಗ್ಗಿದಳು. ಮಗಳು ಮಾತಾಡಲಿಲ್ಲ, ಸೊಂಟಕ್ಕೆ ಹತ್ತಿ ಕುಳಿತು, ಮನೆ ಬರುವವರೆಗೂ ಇಳಿಯಲಿಲ್ಲ.