ಹೆಸರು ಆಸ್ಪತ್ರೆಯದು, ಮೇಲ್ ಯಾರದು?

ಬೇಗೂರಿನ ಮಲ್ಲಮ್ಮನ ಮಗಳು ರಮ್ಯಳಿಗೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಕೆಲಸ ಸಿಕ್ಕಿತು. ನೇಮಕಾತಿ ಪತ್ರ ಇಮೇಲ್‌ನಲ್ಲಿ ಬಂತು. ಅಂದಿನಿಂದ ಪಕ್ಕದ ಮನೆಯ ಮಂಗಮ್ಮನಿಗೆ ಅನ್ನ ಸೇರಲಿಲ್ಲ. ಅವಳ ಮಗಳು ಹರ್ಷಿತಾ ಕೂಡ ಅಲ್ಲಿಗೇ ಅರ್ಜಿ ಹಾಕಿದ್ದಳು, ಉತ್ತರ ಬಂದಿರಲಿಲ್ಲ. ಮಲ್ಲಮ್ಮ ಕೊಟ್ಟುಹೋದ ಮೈಸೂರು ಪಾಕನ್ನು ಮಂಗಮ್ಮ ಹಸುವಿನ ಕಲಗಚ್ಚಿಗೆ ಹಾಕಿಬಿಟ್ಟಳು.

ನಾಲ್ಕನೇ ದಿನ ಹರ್ಷಿತಾಗೂ ಒಂದು ಮೇಲ್ ಬಂತು. ಅದೇ ಆಸ್ಪತ್ರೆಯ ಹೆಸರು. ‘ನೀವು ಆಯ್ಕೆಯಾಗಿದ್ದೀರಿ. ಇಂದೇ ಈ ಲಿಂಕ್ ಒತ್ತಿ ನಿಮ್ಮ ಇಮೇಲ್ ಪಾಸ್‌ವರ್ಡ್ ಹಾಕಿ’ ಎಂದಿತ್ತು.

“ಸ್ಪ್ಯಾಮಲ್ಲಿ ಬಿದ್ದದೆ ಕಣವ್ವ. ರಮ್ಯಕ್ಕನ್ನ ಒಂದ್ಮಾತು ಕೇಳ್ತೀನಿ,” ಎಂದಳು ಹರ್ಷಿತಾ.

“ಅವ್ಳನ್ಯಾಕ್ ಕೇಳೀಯೆ? ನಿನ್ಗೂ ಸಿಕ್ತು ಅಂದ್ರೆ ಅವ್ರಿಗೆ ಒಟ್ಟೆ ಉರೀತದೆ. ಮೊದ್ಲು ಆಕ್ಬುಡು ಕಣಮ್ಮಿ!”

ಹರ್ಷಿತಾ ಪಾಸ್‌ವರ್ಡ್ ಹಾಕಿದಳು. ಮಂಗಮ್ಮ ಬೀದಿಗೆ ಬಂದು, “ಪಾಸ್‌ವರ್ಡ್ ಆಕಿದ್ದಾಯ್ತು, ನನ್ ಮಗ್ಳಿಗೂ ಕೆಲ್ಸ ಸಿಕ್ತು!” ಎಂದು ಮಲ್ಲಮ್ಮನ ಮನೆಗೆ ಕೇಳುವಂತೆ ಸಾರಿದಳು. ರಮ್ಯ ಗಾಬರಿಯಿಂದ ಓಡಿಬಂದಳು.

“ಪಾಸ್‌ವರ್ಡ್ ಕೇಳಿದ್ರಾ? ನನ್ಗೆ ಬಂದ ಮೇಲಲ್ಲಿ ಕೇಳೇ ಇಲ್ವಲ್ಲ ಅತ್ತೆ!”

“ನೋಡ್ದಾ, ಸಯಿಸಕಾಗಲ್ಲ ನಿಮ್ಗೆ!”

ರಮ್ಯ ಹರ್ಷಿತಾಳ ಪಕ್ಕ ಕೂತಳು. ಮೊದಲು ಅವಳ ಕೈಯಲ್ಲಿ ಪಾಸ್‌ವರ್ಡ್ ಬದಲು ಮಾಡಿಸಿ, ಫೋನಿಗೆ ಬರುವ ಕೋಡನ್ನೂ ಕೇಳುವ ಎರಡು ಹಂತದ ಪರಿಶೀಲನೆ ಹಾಕಿಸಿದಳು. ಆಮೇಲೆ ಲ್ಯಾಪ್‌ಟಾಪಿನಲ್ಲಿ ತನ್ನ ಮೇಲ್, ಹರ್ಷಿತಾಳ ಮೇಲ್ ಎರಡನ್ನೂ ತೆರೆದು, ಮೇಲ್ ಎಲ್ಲಿಂದ ಬಂತೆಂದು ತೋರಿಸುವ ‘ಶೋ ಒರಿಜಿನಲ್’ ಒತ್ತಿದಳು.

“ಕವರ್ ಮೇಲೆ ಯಾರ ವಿಳಾಸನಾದ್ರೂ ಗೀಚ್ಬೋದಲ್ವಾ ಅತ್ತೆ? ಮೇಲಲ್ಲೂ ಹಂಗೇ. ಅದ್ಕೇ ಈ ತಪಾಸಣೆ. ಎಸ್‌ಪಿಎಫ್ ಅಂದ್ರೆ, ಆಸ್ಪತ್ರೆ ಹೆಸ್ರಲ್ಲಿ ಮೇಲ್ ಕಳ್ಸಕೆ ಯಾವ ಸರ್ವರ್‌ಗೆ ಒಪ್ಪಿಗೆ ಅದೆ ಅನ್ನೋ ಪಟ್ಟಿ. ಡಿಕಿಮ್ ಅಂದ್ರೆ, ದಾರೀಲಿ ಯಾರೂ ತಿದ್ದಿಲ್ಲ ಅನ್ನೋ ಮೊಹರು. ಇವು ಆಸ್ಪತ್ರೆ ಹೆಸ್ರಿಗೇ ಸೇರಿದ್ವಾ ಅಂತ ನೋಡೋದು ಡಿಮಾರ್ಕ್. ನಂದ್ರಲ್ಲಿ ಮೂರೂ ಪಾಸ್. ಇದ್ರಲ್ಲಿ ಮೂರೂ ಫೇಲ್.”

“ಪಾಸ್ ಅಂತಿದ್ರೆ ನಂಬಬೋದಾ?” ಹರ್ಷಿತಾ ಕೇಳಿದಳು.

“ಅಷ್ಟೇ ಸಾಲ್ದು. ಈ ಸುರುಳಿ ಗುರ್ತು @ ಆದ್ಮೇಲಿನ ಹೆಸ್ರು ಅಕ್ಷರ ಅಕ್ಷರ ಓದ್ಬೇಕು. ಒಂದಕ್ಷರ ತಿರುಚಿ ಕಳ್ರೂ ಅಂಥದೇ ಹೆಸ್ರು ಕೊಂಡ್ಕೋತಾರೆ, ಅದ್ಕೂ ಪಾಸ್ ಅಂತ್ಲೇ ಬರ್ತದೆ.”

ಮಂಗಮ್ಮನ ಮುಖ ಇಳಿಯಿತು. “ಅಂಗಾರೆ ಕೆಲ್ಸ?”

“ನಿಜವಾದ ಪತ್ರ ಬಂದ್ರೆ ಈ ಮೇಲ್‌ಗೇ ಬರೋದು ಅತ್ತೆ. ಇದನ್ನೇ ಕಳ್ರು ಕಿತ್ಕೊಂಡಿದ್ರೆ?”

ಮಂಗಮ್ಮ ರಮ್ಯಳ ಕೈ ಹಿಡಿದುಕೊಂಡಳು. “ಉರಿ ನನ್ ಒಟ್ಟೇಲಿತ್ತು ಕಣಮ್ಮಿ. ನಿನ್ ಮ್ಯಾಲೆ ಆಕ್ಬುಟ್ಟೆ.”

ಹದಿನೈದು ದಿನಕ್ಕೆ ಹರ್ಷಿತಾಗೆ ಆಸ್ಪತ್ರೆಯ ಸಂದರ್ಶನಕ್ಕೆ ಕರೆದು ಮೇಲ್ ಬಂತು. ಮಗಳು ಕುಣಿಯುವ ಮೊದಲೇ ಮಂಗಮ್ಮ ಗದರಿದಳು: “ತಡಿ, ಆ ಸುರುಳಿ ಗುರ್ತು ಆದ್ಮೇಲೆ ಏನದೆ, ಮೊದ್ಲು ಓದು!”

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅವಸರಪಡಿಸುವ ಮೇಲ್ ಬಂದರೆ ಕೈ ತಡೆಯಿರಿ. ಪಾಸ್‌ವರ್ಡ್, ಒಟಿಪಿ ಯಾರು ಕೇಳಿದರೂ ಕೊಡಬೇಡಿ. ಎರಡು ಹಂತದ ಪರಿಶೀಲನೆಯನ್ನು ಇವತ್ತೇ ಹಾಕಿಸಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ, ಅವರು ನಿಮಗಾಗದ ಪಕ್ಕದ ಮನೆಯವರಾದರೂ ಸರಿ.