ಮೈಕಿನ ಅಕ್ಕಾರು

ಶಾಲು ಹೊದಿಸುವಾಗಲೂ ರುದ್ರಾಣಿಯವರ ಕಣ್ಣು ಮೈಕಿನ ಮೇಲೇ ಇತ್ತು. ಹಾರ ಬಿತ್ತು, ಹಣ್ಣಿನ ಬುಟ್ಟಿ ಕೈಗೆ ಬಂತು. ಫೋಟೋದವನು "ಈ ಕಡೆ ನೋಡ್ರಿ ಅಕ್ಕಾರೆ" ಎಂದು ಕೂಗಿದರೂ ಅವರು ನೋಡಲಿಲ್ಲ. ಹೊನ್ನಾಳಿ ಮೈದಾನದಲ್ಲಿ ಕಬಡ್ಡಿ ಫೈನಲ್ ಇನ್ನೇನು ಶುರುವಾಗುವುದರಲ್ಲಿತ್ತು. ಚನ್ನಗಿರಿಗೂ ಜಗಳೂರಿಗೂ ಆಟ. ಬೆಳಿಗ್ಗೆ ನ್ಯಾಮತಿಯ ಮನೆಯಲ್ಲಿ ಮೆಣಸಿನ ಕಷಾಯ ಕುಡಿದು ಗಂಟಲು ಸರಿಮಾಡಿಕೊಂಡು, ಎರಡೂ ತಂಡದ ಹುಡುಗರ ಹೆಸರು ಬಾಯಿಪಾಠ ಮಾಡಿಕೊಂಡೇ ಅವರು ಹೊರಟಿದ್ದರು. ಈ ಸಲ ಕರೆಯಲು ಕಾರು ಬಂದಿತ್ತು. ಇಷ್ಟು ವರ್ಷ ಬಸ್ಸಿನಲ್ಲಿ ನಿಂತು ಬಂದವರಿಗೆ ಕಾರು ಕಂಡಾಗಲೇ ಅನುಮಾನ ಬರಬೇಕಿತ್ತು. ಪಾಪ, ಸಂತೋಷವಾಯಿತು.

ಎಪ್ಪತ್ತೆರಡನೇ ಇಸವಿಯಲ್ಲಿ ಇದೇ ಮೈದಾನದಲ್ಲಿ ವೀಕ್ಷಕ ವಿವರಣೆ ಹೇಳಬೇಕಿದ್ದ ಗಂಡಸಿಗೆ ಗಂಟಲು ಕಟ್ಟಿತ್ತು. ಶಾಲೆಯ ಮಕ್ಕಳಿಗೆ ಆಟ ತೋರಿಸಲು ಬಂದಿದ್ದ ರುದ್ರಾಣಿ ಟೀಚರು ನೆಟ್ಟಗೆ ಎದ್ದುಹೋಗಿ ಮೈಕು ಹಿಡಿದರು. "ಹೆಂಗಸು ಕಬಡ್ಡಿ ಹೇಳಾಕೆ ನಿಂತೈತೆ ನೋಡ್ರಲೇ!" ಎಂದು ಜನ ಶಿಳ್ಳೆ ಹಾಕಿದರು. ಅವರು ಹೇಳುತ್ತಲೇ ಹೋದರು. ಮುಂದಿನ ವರ್ಷ ಅದೇ ಜನ, ಅಕ್ಕಾರು ಬರದೆ ಆಟ ಶುರುಮಾಡಬೇಡಿ ಎಂದು ಹಟ ಹಿಡಿದರು. ತಪ್ಪಿಸಿಕೊಂಡ ಮಗುವಿನ ಹೆಸರು ಕೂಗುವುದು, ಸೂಜಿ ಹಾಕುವ ನರ್ಸಮ್ಮ ಯಾವ ಕೇರಿಗೆ ಬರುತ್ತಾಳೆಂದು ತಿಳಿಸುವುದು, ಹೆರಿಗೆ ಕಷ್ಟವಾದವಳನ್ನು ಒಯ್ಯಲು ಗಾಡಿ ಕೇಳುವುದು, ಎಲ್ಲ ಅದೇ ಮೈಕಿನಲ್ಲಿ. ಅಕ್ಕಾರ ದನಿ ಇದೆಯೆಂಬ ಧೈರ್ಯಕ್ಕೇ ಹೆಂಗಸರೂ ಮೈದಾನಕ್ಕೆ ಬರತೊಡಗಿದ್ದರು.

ಮೈಕಿನ ಮೇಜಿನ ಬುಡದಲ್ಲಿ ಯಾವಾಗಲೂ ಪಾಲಣ್ಣ ಕೂರುತ್ತಿದ್ದ. ಹಗ್ಗ ಹೊಸೆಯುವವನು, ಹುಟ್ಟುಕುರುಡ. ಅವನಿಗೆ ತಿಳಿಯಲೆಂದೇ ಅಕ್ಕಾರು, "ಹುಡುಗ ಹೊಳೆ ಕಡೆ ಜರುಗಿದ, ಈಗ ಬಸ್ ಸ್ಟ್ಯಾಂಡ್ ಕಡೆ ತಿರುಗಿದ, ಕಾಲು ಚಾಚಿದ" ಎಂದು ದಿಕ್ಕು ಹಿಡಿದು ಆಟ ಹೇಳುತ್ತಿದ್ದರು. ಊರಿನವರು ಅದು ಅವರ ಶೈಲಿ ಅಂದುಕೊಂಡಿದ್ದರು.

ಚಪ್ಪಾಳೆ ನಿಂತ ಮೇಲೆ ಅಕ್ಕಾರು ಹಾರ ತೆಗೆದಿಟ್ಟು ಮೈಕಿನ ಕಡೆ ಹೊರಟರು. ಸಂಘದ ಕಾರ್ಯದರ್ಶಿ ಬೆನಕಪ್ಪ ಅಡ್ಡ ಬಂದ.

"ಇನ್ಮೇಲೆ ಆರಾಮಾಗಿ ವೇದಿಕೆ ಮೇಲೆ ಕುಂತು ನೋಡ್ರಿ ಅಕ್ಕಾರೆ. ಎಷ್ಟಂತ ಕೂಗ್ತೀರಿ?"

"ಫೈನಲ್ ಒಂದು ಹೇಳ್ತೀನಿ ಬೆನಕಪ್ಪ."

"ಸನ್ಮಾನ ಆದ ಮೇಲೆ ಹೆಂಗ್ರಿ? ದೊಡ್ಡೋರ ಕೈಲಿ ದುಡಿಸಿದಂಗೆ ಆಗ್ತೈತೆ. ದಾವಣಗೆರೆಯಿಂದ ಹುಡುಗನ್ನ ಕರೆಸೀವಿ."

ಬೆನಕಪ್ಪ ಅವರ ಕೈಯಲ್ಲೇ ಅಕ್ಷರ ಕಲಿತವನು. ಕೆಟ್ಟವನಾಗಿದ್ದರೆ ಬೈದು ಮೈಕು ಕಿತ್ತುಕೊಳ್ಳಬಹುದಿತ್ತು. ಮಗನ ಹಾಗೆ ತೋಳು ಹಿಡಿದು ಕುರ್ಚಿಗೆ ಕರೆದೊಯ್ದವನನ್ನು ಏನೆಂದು ಬೈಯುವುದು? ಅಕ್ಕಾರು ಕೂತರು.

ಆಟ ಶುರುವಾಯಿತು. ದಾವಣಗೆರೆಯ ಹುಡುಗನ ಮಾತು ಸೊಗಸಾಗಿಯೇ ಇತ್ತು. "ಸಿಡಿಲಿನಂಥ ದಾಳಿ! ಹುಲಿಯಂಥ ಹಿಡಿತ!" ಎಂದು ಅಬ್ಬರಿಸಿದ. ಜನ ಕೇಕೆ ಹಾಕಿದರು. ಕೆಳಗೆ ಪಾಲಣ್ಣ ಮಾತ್ರ ಆ ಕಡೆ ಈ ಕಡೆ ಮುಖ ತಿರುಗಿಸುತ್ತ, ಕೊನೆಗೆ ಎದ್ದು ನಿಂತುಬಿಟ್ಟ.

"ಅಕ್ಕಾರೆ, ಎಲ್ಲಿದೀರಿ? ಇವತ್ತು ನಂಗೇನೂ ಕಾಣ್ತಿಲ್ಲ."

ಪಕ್ಕದವರು ನಕ್ಕರು. ಅಕ್ಕಾರು ಯಾರನ್ನೂ ಕೇಳದೆ ಮೆಟ್ಟಿಲಿಳಿದು ಬಂದು ಅವನನ್ನು ಕೂರಿಸಿ, ತಾವೂ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತರು.

"ಇಲ್ಲೇ ಇದೀನಪ್ಪ."

"ನೀವ್ಯಾಕೆ ಹೇಳ್ತಿಲ್ರಿ?"

"ನಂಗೆ ಸನ್ಮಾನ ಆತಲ್ಲ ಪಾಲಣ್ಣ, ಅದಕ್ಕೆ."

ಅವನಿಗೆ ಅರ್ಥವಾಗಲಿಲ್ಲ. ಕೈ ಚಾಚಿ ಶಾಲಿನ ಅಂಚು ಮುಟ್ಟಿ ನೋಡಿದ. "ಚಲೋ ಮೆತ್ತಗೈತೆ" ಎಂದ. ಅಕ್ಕಾರಿಗೆ ಅಳು ಒತ್ತರಿಸಿ ಬಂತು. ಸೆರಗಿನಿಂದ ಮೂಗು ಒರೆಸಿಕೊಂಡು ಆಟದ ಕಡೆ ತಿರುಗಿದರು.

"ಜಗಳೂರಿನ ಹುಡುಗ ಹೊಂಟ. ಹೊಳೆ ಕಡೆ ಜರುಗಿದ..."

"ಕೇಳ್ತಿಲ್ರಿ, ಜೋರಾಗಿ ಹೇಳ್ರಿ!"

ಮೇಲಿನ ಧ್ವನಿವರ್ಧಕದ ಹಾರ್ನಿನಿಂದ ಸಿಡಿಲು, ಹುಲಿ ಬೀಳುತ್ತಲೇ ಇದ್ದವು. ಅಕ್ಕಾರು ಇನ್ನಷ್ಟು ಹತ್ತಿರ ಸರಿದು, ಪಾಲಣ್ಣನ ಕಿವಿಗೆ ಎರಡೂ ಕೈ ಮರೆಮಾಡಿ, ಫೈನಲ್ ಹೇಳತೊಡಗಿದರು.