ಇಪ್ಪತ್ತಕ್ಕೆ ಹದಿನೈದು ಕೂಡಿದರೆ

ಎಳೆಗೂಸುಗಳ ವಾರ್ಡಿನ ಹಿರಿಯ ನರ್ಸು, ಒಂದು ಮಗು ಬೆಳಗ್ಗೆ ಕುಡಿದ ಇಪ್ಪತ್ತು ಮಿಲಿ ಹಾಲನ್ನೂ ಮಧ್ಯಾಹ್ನದ ಹದಿನೈದನ್ನೂ ಕಂಪ್ಯೂಟರಿಗೆ ತುಂಬಿದಳು. ಒಟ್ಟು 2015 ಎಂದು ಬಂತು. ಕೆಳಮಹಡಿಯ ಪ್ರೋಗ್ರಾಮರ್ ಫೋನಿನಲ್ಲೇ, "ನೀವೇ ತಪ್ಪು ಒತ್ತಿರ್ತೀರಿ ಸಿಸ್ಟರ್," ಎಂದು ಕೈತೊಳೆದುಕೊಂಡ.

ಆಕೆ ಬಿಡುವವಳಲ್ಲ. ಪಾಳಿ ಮುಗಿದದ್ದೇ ಅವನ ಕೋಣೆಗಿಳಿದು ಕುರ್ಚಿ ಎಳೆದು ಕೂತಳು. "ನೀನೇ ಒತ್ತಪ್ಪ, ನಾನು ನೋಡ್ತೀನಿ."

ಅವನು ಒತ್ತಿದ. ಮತ್ತೆ 2015. ಮುಖ ಸಪ್ಪಗಾಯಿತು. "ನಾನು ಪರೀಕ್ಷೆ ಮಾಡ್ದಾಗ ಕಳೆಯೋ ಲೆಕ್ಕ ಸರಿಯಾಗೇ ಬಂದಿತ್ತಲ್ಲ..."

"ಕೂಡಿದ್ರೆ ಯಾಕೆ ಬರಲ್ಲ?"

"ನಾವು ತುಂಬಿದ್ದನ್ನ ಇದು ಅಕ್ಷರ ಅಂತ ಇಟ್ಕೊಳ್ಳುತ್ತೆ ಸಿಸ್ಟರ್. ಅಕ್ಷರ ಕಳೆಯೋಕಾಗಲ್ವಲ್ಲ, ಮೈನಸ್ ಕಂಡ್ರೆ ತಾನಾಗೇ ಸಂಖ್ಯೆ ಮಾಡ್ಕೊಳ್ಳುತ್ತೆ. ಪ್ಲಸ್‌ಗೆ ಎರಡು ಕೆಲಸ. ಸಂಖ್ಯೆಯಾದ್ರೆ ಕೂಡುತ್ತೆ, ಅಕ್ಷರವಾದ್ರೆ ಪಕ್ಕಪಕ್ಕ ಅಂಟಿಸುತ್ತೆ."

"2015 ಅಂತ ಬಂದಿದ್ದಕ್ಕೆ ಸರಿಹೋಯ್ತು. ಎರಡಕ್ಕೆ ಮೂರು ಸೇರಿ ಇಪ್ಪತ್ಮೂರು ಅಂದಿದ್ರೆ ಯಾರಿಗೆ ಅನುಮಾನ ಬರ್ತಿತ್ತು?"

ಅವನು ಕೀಲಿಮಣೆ ಹತ್ತಿರಕ್ಕೆಳೆದುಕೊಂಡು, ತುಂಬಿದ್ದನ್ನು ಮೊದಲು ಸಂಖ್ಯೆಯಾಗಿಸುವ ಒಂದು ಸಾಲನ್ನು ಪ್ರೋಗ್ರಾಮಿನಲ್ಲಿ ಕೂಡುವ ಕಡೆಯಲ್ಲೆಲ್ಲ ಸೇರಿಸುತ್ತ ಹೋದ. ಒಟ್ಟು ಹನ್ನೊಂದು ಕಡೆ. ಆಕೆ ಹನ್ನೊಂದರಲ್ಲೂ ತಾನೇ ಒತ್ತಿ, ಎಲ್ಲೆಲ್ಲೂ ಮೂವತ್ತೈದು ಬಂದಮೇಲೆಯೇ ಎದ್ದಳು.

"ಇನ್ಮೇಲೆ ಹೊಸದೇನು ಮಾಡಿದ್ರೂ ಮೊದಲು ನಮ್ಮ ವಾರ್ಡಿಗೆ ತಾ. ಕೂತು ಒತ್ತಿ ನೋಡೋಣ."

"ಆಯ್ತು ಸಿಸ್ಟರ್," ಎಂದು ಅವನೂ ಎದ್ದು ನಿಂತ.